ನೀರಿಲ್ಲದೆ ಇಳಿಯದ ತುತ್ತು

ಒಂದು ತುತ್ತು, ಒಂದು ಗುಟುಕು ನೀರು. ಮತ್ತೊಂದು ತುತ್ತು, ಮತ್ತೊಂದು ಗುಟುಕು. ಅವ್ವ ಉಣ್ಣುವಾಗ ಅವಳ ಗಂಟಲಿನಿಂದ ಬರುತ್ತಿದ್ದ 'ಗಟಕ್' ಎಂಬ ಸಪ್ಪಳ ನನ್ನ ಕಿವಿಯಲ್ಲಿ ಉಳಿದುಬಿಟ್ಟಿದೆ. ಈಗಲೂ ಯಾವುದೋ ಮದುವೆಯ ಪಂಕ್ತಿಯಲ್ಲಿ ಪಕ್ಕದವರು ಅವಸರದಿಂದ ನೀರು ಕುಡಿದರೆ ನನ್ನ ಕೈ ತುತ್ತಿನ ಸಮೇತ ಎಲೆಯ ಮೇಲೆಯೇ ನಿಂತುಬಿಡುತ್ತದೆ. ಅವ್ವನಿಗೆ ನೀರಿಲ್ಲದೆ ತುತ್ತು ಇಳಿಯುತ್ತಿರಲಿಲ್ಲ. ಗಂಟಲಲ್ಲಿ ಏನೋ ಕೂತಿದೆ ಅನ್ನುತ್ತಿದ್ದಳು. ಬಿಜಾಪುರದಲ್ಲಿ ತೋರಿಸಿದೆವು, ಸೋಲಾಪುರದಲ್ಲಿ ತೋರಿಸಿದೆವು. ಟಾರ್ಚು ಹಾಕಿ ನೋಡಿದವರು, ಫೋಟೋ ತೆಗೆದವರು, ಎಲ್ಲರೂ ಏನೂ ಇಲ್ಲವೆಂದೇ ಹೇಳಿ ಕಳಿಸಿದರು. ಏನೂ ಇಲ್ಲದ್ದು ಅಲ್ಲಿಗೆ ಯಾವಾಗ ಬಂದು ಕೂತಿತೆಂಬುದು ನನಗೆ ಗೊತ್ತು. ಗೊತ್ತು ಎಂದು ಬರೆದ ಕೂಡಲೇ ಅನುಮಾನವೂ ಬರುತ್ತದೆ. ಆಗ ನಾನು ಮೂರನೇ ಇಯತ್ತೆಯಲ್ಲಿದ್ದೆನೋ ನಾಲ್ಕನೆಯದರಲ್ಲೋ ಅದೇ ನನಗೆ ನೆಟ್ಟಗೆ ನೆನಪಿಲ್ಲ. ಎಪ್ಪತ್ತರ ದಶಕದ ನಡುವಿನ ಯಾವುದೋ ಒಂದು ವರ್ಷ ಅಂತಷ್ಟೇ ಹೇಳಬಲ್ಲೆ.

ನಮ್ಮ ಮನೆ ಇಂಡಿಯಲ್ಲಿತ್ತು, ಊರು ಮುಗಿದು ನಿಂಬೆ ತೋಟಗಳು ಶುರುವಾಗುವ ಕಡೆ. ಮಣ್ಣಿನ ಮಾಳಿಗೆಯ ಮನೆ. ಮಧ್ಯಾಹ್ನ ಬೆಳಕಿಂಡಿಯಿಂದ ಇಳಿದ ಬಿಸಿಲು ಪಡಸಾಲೆಯ ನೆಲದ ಮೇಲೆ ಒಂದು ತಟ್ಟೆಯಷ್ಟು ಅಗಲಕ್ಕೆ ಬಿದ್ದು, ಸಂಜೆಯ ತನಕ ಗೋಡೆಯತ್ತ ಸರಿಯುತ್ತ ಹೋಗುತ್ತಿತ್ತು. ಹಿತ್ತಲ ಬಾಗಿಲು ತೆರೆದರೆ ನಿಂಬೆ ಹೂವಿನ ವಾಸನೆ ಒಳಗೆ ಬರುತ್ತಿತ್ತು. ಹಣ್ಣು ತುಂಬಿದ ಚೀಲಗಳು ಪಡಸಾಲೆಯಲ್ಲಿ ಸಾಲಾಗಿ ಕೂತಿರುವ ದಿನಗಳಲ್ಲಿ ಆ ಹುಳಿ ವಾಸನೆ ನಮ್ಮ ಹಾಸಿಗೆಗೂ ನನ್ನ ಪಾಟಿಗೂ ಹತ್ತಿಕೊಳ್ಳುತ್ತಿತ್ತು. ಆ ಮನೆಯಲ್ಲಿ ಅಪ್ಪ, ಅವ್ವ, ನಾನು, ಮತ್ತು ಅಪ್ಪನ ತಾಯಿ, ನಾವೆಲ್ಲ ಆಯಿ ಅನ್ನುತ್ತಿದ್ದ ಮುದುಕಿ. ಅಪ್ಪನಿಗೆ ಒಬ್ಬಳೇ ತಂಗಿ, ಕಾಶಿಬಾಯಿ. ನನಗೆ ಕಾಶತ್ತಿ. ಮುದ್ದೇಬಿಹಾಳದ ಆಚೆ, ಕೃಷ್ಣೆಯ ದಂಡೆಯ ತಂಗಡಗಿಗೆ ಅವಳನ್ನು ಕೊಟ್ಟಿದ್ದರು. ಮಕ್ಕಳಾಗಿರಲಿಲ್ಲ. ಬಸ್ಸಿನ ಮೇಲೆ ಬಸ್ಸು ಬದಲಿಸಿ ಬರಬೇಕಾದಷ್ಟು ದೂರವಾದ್ದರಿಂದ ವರ್ಷಕ್ಕೊಮ್ಮೆ ಪಂಚಮಿಗೆ ಬರುತ್ತಿದ್ದಳು. ಬಂದರೆ ನೆಟ್ಟಗೆ ಒಲೆಯ ಮುಂದೆ ಅವ್ವನ ಪಕ್ಕಕ್ಕೆ ಹೋಗಿ ಕೂರುತ್ತಿದ್ದಳು. ಕಾಶತ್ತಿ ಮತ್ತು ಅವ್ವ ಒಂದೇ ವಯಸ್ಸಿನ ವಾರಿಗೆಯವರು. ಅವ್ವ ಮದುವೆಯಾಗಿ ಬಂದ ಹೊಸತರಲ್ಲಿ ಇಬ್ಬರೂ ಒಂದೇ ಕೌದಿಯಲ್ಲಿ ಮಲಗಿ ನಗುತ್ತಿದ್ದರಂತೆ. ಆ ನಗೆಗೆ ಆಯಿ ಬೈಯುತ್ತಿದ್ದಳಂತೆ.

ಅವ್ವನಿಗೊಂದು ವಿದ್ಯೆ ಬರುತ್ತಿತ್ತು. ಇಂಥದನ್ನು ವಿದ್ಯೆ ಅನ್ನಬಹುದೋ ಇಲ್ಲವೋ ತಿಳಿಯದು. ನಮ್ಮ ಕಡೆ ಸಾವಾದ ಮನೆಯಲ್ಲಿ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಸತ್ತವರನ್ನು ಎದುರಿಗಿಟ್ಟುಕೊಂಡು, ಅವರು ಬದುಕಿದ ರೀತಿಯನ್ನು, ಉಟ್ಟಿದ್ದನ್ನು, ಉಂಡಿದ್ದನ್ನು, ಜಗಳಾಡಿದ್ದನ್ನು ಕೂಡ ಅವರಿಗೇ ಹೇಳುತ್ತ ರಾಗ ಎಳೆದು ಅಳುವುದು. ಅವ್ವ ಅದರಲ್ಲಿ ಓಣಿಗೇ ಹೆಸರಾದವಳು. ಎಂಥ ಕಲ್ಲಿನಂಥ ಗಂಡಸೂ ಅವಳ ಎರಡನೇ ನುಡಿಗೆ ಟಾವೆಲ್ಲು ಕಣ್ಣಿಗೊತ್ತಿಕೊಳ್ಳುತ್ತಿದ್ದ. ಅತ್ತು ಬಂದ ಮೇಲೆ ಸ್ನಾನ ಮಾಡಿ, ಹಸಿ ಕೂದಲನ್ನು ಗಂಟು ಹಾಕಿಕೊಂಡು, ಎರಡು ರೊಟ್ಟಿ ಹೆಚ್ಚೇ ಉಣ್ಣುತ್ತಿದ್ದಳು. ಅವಳ ಮುಖ ತೊಳೆದಿಟ್ಟ ಹಾಗೆ ಇರುತ್ತಿತ್ತು. ಆಯಿಗೆ ಇದು ದೊಡ್ಡ ಹೆಮ್ಮೆ. ಶೇಂಗಾ ಸುಲಿಯುತ್ತ ಕೂತಾಗ ಅತ್ತೆ ಸೊಸೆ ಇದನ್ನೇ ಚೇಷ್ಟೆ ಮಾಡಿಕೊಳ್ಳುತ್ತಿದ್ದರು.

"ನೀಲಾ, ನಾ ಸತ್ತಾಗ ಛಂದಂಗ ಅಳಬೇಕ ನೋಡ. ಆ ಮಗ್ಗಲಮನಿ ಬೋರವ್ವನ ಅತ್ತಿ ಸತ್ತಾಗ ಅತ್ತಂಗ ಅರ್ಧಾಕ್ಕ ಕೈ ಬಿಡಬ್ಯಾಡ."

"ಮೊದಲ ನೀವು ಸಾಯ್ರಿ ಅತ್ತಿ, ಆಮ್ಯಾಲ ನೋಡೂಣು."

"ಏನ ಹಾಡ್ತಿ, ಈಗ ಒಂದ ನುಡಿ ಅಂದ ತೋರಸು."

"ಸ್ವಸಿಗೆ ಬೆಣ್ಣಿ ಕೊಡದ ಮುಚ್ಚಿಟ್ಟಿದ್ದಿ ಅಂತ ಶುರು ಮಾಡ್ತೇನಿ."

ಆಯಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಕ್ಕರೆ ಅವಳ ಮೂಗುತಿ ಕುಣಿಯುತ್ತಿತ್ತು.

ಆ ವರ್ಷ ಬೇಸಿಗೆಯಲ್ಲಿ ಆಯಿ ಹಿತ್ತಲಿನಿಂದ ನೀರಿನ ಕೊಡ ತರುತ್ತ ಬಾಗಿಲಲ್ಲೇ ಎದೆ ಹಿಡಿದುಕೊಂಡು ಕೂತಳು. ಊರಿಗೆ ಹೊಸದಾಗಿ ಬಂದಿದ್ದ ಡಾಕ್ಟರನ್ನು ಅಪ್ಪ ಕರೆದುಕೊಂಡು ಬಂದ. ಅವರು ಮೈಸೂರು ಕಡೆಯವರು, ಬಹಳ ಮೆದು ಮಾತಿನ ಮನುಷ್ಯ. ನಮ್ಮ ಮಾತು ಕಲಿಯುವ ಆಸೆ ಅವರಿಗೆ. 'ಐತಿ', 'ಹೌದ್ರಿ' ಅಂತ ಅಂದು ತಾವೇ ನಾಚಿಕೊಂಡು ನಗುತ್ತಿದ್ದರು. ಆಯಿಯ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಕೊನೆಗೆ ಹೊರಗೆ ಕಟ್ಟೆಯ ಮೇಲೆ ಕೂತು, ಕೈ ಒರೆಸಿಕೊಳ್ಳುತ್ತ ಅಪ್ಪನಿಗೆ ಹೇಳಿದರು: "ಅಜ್ಜಿಯವರ ಎದೆ ಬಹಳ ಸೋತಿದೆ. ಇನ್ನು ಮೇಲೆ ಅವರಿಗೆ ಯಾವ ತ್ರಾಸವೂ ಆಗಬಾರದ್ರಿ." ಇಷ್ಟೇ ಮಾತು. ಈ ಮಾತನ್ನು ನಾನೇ ಕೇಳಿದೆನೋ, ಮುಂದೆ ಮನೆಯಲ್ಲಿ ನೂರು ಬಾರಿ ಹೇಳಿದ್ದನ್ನು ಕೇಳಿ ಕೇಳಿ ಅದು ನನ್ನ ಕಿವಿಯದೇ ಆಯಿತೋ ಹೇಳಲಾರೆ. ನಮ್ಮಲ್ಲಿ ತ್ರಾಸ ಅಂದರೆ ಎಲ್ಲವೂ ಹೌದು. ಏರು ಹತ್ತಿದರೆ ತ್ರಾಸ, ಕೊಡ ಹೊತ್ತರೆ ತ್ರಾಸ, ಮಗಳ ಗಂಡ ಕುಡಿದರೆ ತ್ರಾಸ. ಡಾಕ್ಟರು ಆ ಶಬ್ದವನ್ನು ಆಯಾಸಕ್ಕೆ ನಮ್ಮ ಕಡೆಯ ಮಾತು ಎಂದು ಕಲಿತು ಆಡಿದ್ದರೋ ಏನೋ. ಅಪ್ಪ ಅದನ್ನು ದುಃಖ ಎಂದು ಕೇಳಿಸಿಕೊಂಡ. ಒಳಗೆ ಬಂದು ಅವ್ವನಿಗೆ ಹೇಳಿದ: "ಇನ್ನ ಅಕಿ ಮನಸ್ಸು ನೋಯೂವಂಗ ಒಂದ ಮಾತ ಆಡಬ್ಯಾಡ. ಎದಿ ಒಡೀತೈತಂತ."

ಅಂದಿನಿಂದ ಮನೆಯಲ್ಲಿ ದನಿ ತಗ್ಗಿತು. ಅಪ್ಪ ಆಳುಮಕ್ಕಳಿಗೆ ಬೈಯುವುದನ್ನು ಬಿಟ್ಟ. ನಾನು ಬಿದ್ದು ಮೊಳಕಾಲು ಕೆತ್ತಿಸಿಕೊಂಡರೂ ಹಿತ್ತಲಿಗೆ ಹೋಗಿ ಅತ್ತು ಬರಬೇಕಿತ್ತು. ಆಯಿ ಬೇಕೆಂದಿದ್ದನ್ನೆಲ್ಲ ಮಾಡಲು ಬಿಟ್ಟರು. ಗುಣವಾಗತೊಡಗಿದಳು ಕೂಡ. ಕೆನ್ನೆ ತುಂಬಿತು, ನಗು ಬಂತು. ಅಪ್ಪ ಅವಳ ಮುಖ ನೋಡಿ, ಡಾಕ್ಟರ ಮಾತು ಖರೆ ಅಂತ ತಲೆಯಾಡಿಸುತ್ತಿದ್ದ. ಕಾರಹುಣ್ಣಿಮೆ ಮುಗಿದ ಮೇಲೆ ಒಂದು ದಿನ, ಆಯಿ ಬಾವಿಯ ಕಡೆ ಹೋಗಿದ್ದ ಹೊತ್ತಿನಲ್ಲಿ, ತಂಗಡಗಿಯಿಂದ ಒಬ್ಬ ಮನುಷ್ಯ ಬಂದ. ಒಳಗೆ ಬಾ ಅಂದರೆ ಬರಲಿಲ್ಲ. ಕಟ್ಟೆಯ ಮೇಲೆ ಕೂತು ರುಮಾಲು ಬಿಚ್ಚಿದ. ಕಾಶತ್ತಿಗೆ ಕಾಮಣಿ ಬ್ಯಾನಿಯಾಗಿ, ಕಣ್ಣು ಮೈ ಹಳದಿಯಾಗಿ, ಗಿಡಮೂಲಿಕೆಯ ಔಷಧ ಕುಡಿಸುತ್ತಿರುವಾಗಲೇ ಮುಗಿದುಹೋಗಿತ್ತು. ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳ ಬಾಯಿ ತೆರೆದದ್ದು, ಎದೆಯಿಂದ ರಾಗದ ಮೊದಲ ಉಸಿರು ಏಳುವ ಮುನ್ನವೇ ಅಪ್ಪ ಹಾರಿ ಬಂದು ತನ್ನ ಅಂಗೈಯನ್ನು ಅವಳ ಬಾಯಿಗೆ ಒತ್ತಿದ್ದು, ಇದನ್ನು ಮಾತ್ರ ನಾನೇ ಕಂಡೆ. ಇದರಲ್ಲಿ ಅನುಮಾನವಿಲ್ಲ. "ಯವ್ವ ಬರ್ತಾಳ. ನಿನ್ನ ಕಾಲ ಬೀಳ್ತೇನಿ ನೀಲಾ, ಉಸರ ತಗೀಬ್ಯಾಡ. ಒಬ್ಬಾಕಿ ಹ್ವಾದಳು. ಇನ್ನೊಬ್ಬಾಕಿನ್ನ ಕಳಕೊಳ್ಳಾಕ ನನ್ನ ಕಡೆ ಆಗೂದಿಲ್ಲ." ಅವ್ವನ ಕೊರಳಿನ ನರ ಮೇಲಕ್ಕೆ ಬಂದು ಮತ್ತೆ ಕೆಳಗಿಳಿಯಿತು. ನುಂಗಿದಳು.

ಅಪ್ಪ ಸೋಲಾಪುರದ ಪೇಟೆಗೆ ಹಣ್ಣು ಒಯ್ಯುತ್ತೇನೆಂದು ಹೇಳಿ ತಂಗಿಯ ಮಣ್ಣಿಗೆ ಹೋದ. ಮಾರನೆಯ ದಿನವೋ ಅದರ ಮಾರನೆಯ ದಿನವೋ ತಿರುಗಿ ಬಂದವನ ಮುಖ ನೋಡಿ ಆಯಿ ಹತ್ತಿರ ಕರೆದಳು.

"ಯಾಕೋ ಮಲ್ಲೂ, ಮಾರಿ ಸಪ್ಪಗ ಆಗೈತಿ?"

"ದರ ಬಿದ್ದಾವಬೇ."

"ಬೀಳಲಿ ಬಿಡ. ಇಂದ ಬಿದ್ದದ್ದ ನಾಳೆ ಏಳತೈತಿ. ನಿಂಬಿಹಣ್ಣಿನ ಸಲುವಾಗಿ ಯಾರರ ಹಿಂಗ ಕಣ್ಣ ಕೆಂಪ ಮಾಡ್ಕೊತಾರೇನೋ ಹುಚ್ಚಪ್ಪ?" ಎಂದು ಅವನ ತಲೆ ಸವರಿದಳು. ಅಪ್ಪ ಅವಳ ಮೊಳಕಾಲಿಗೆ ಹಣೆ ಹಚ್ಚಿ ಕೂತ. ಅವನ ಹೆಗಲು ಅಲುಗದಂತೆ ಎಷ್ಟು ಬಿಗಿ ಹಿಡಿದಿದ್ದನೆಂಬುದು ಹಿಂದಿನಿಂದ ನೋಡುತ್ತಿದ್ದ ನನಗೆ ಕಾಣುತ್ತಿತ್ತು.

ಇಡೀ ಓಣಿ ಆ ಗುಟ್ಟನ್ನು ಕಾಯಿತು. ಇದು ಈಗ ನೆನೆದರೆ ನಂಬಲಾಗದ ಸಂಗತಿ. ಪಕ್ಕದ ಮನೆಯ ಬೋರವ್ವ ಹೊಟ್ಟೆಯಲ್ಲಿ ಒಂದು ಮಾತನ್ನೂ ಇಟ್ಟುಕೊಳ್ಳದವಳು. ಅವಳೂ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡೇ ನಮ್ಮ ಮನೆಗೆ ಬರುತ್ತಿದ್ದಳು. ಅವ್ವ ಮಾತ್ರ ಬೇರೆಯಾಗಿಬಿಟ್ಟಳು. ಯಾರದೋ ಮನೆಯಲ್ಲಿ ಸಾವಾಗಿ ಕರೆ ಬಂದರೆ ಹೋಗುತ್ತಿರಲಿಲ್ಲ. ಹೋದರೆ, ಅಲ್ಲಿ ಒಮ್ಮೆ ದನಿ ತೆಗೆದರೆ, ಕಾಶಿಯ ಹೆಸರು ಬಂದುಬಿಡುತ್ತದೆಂಬ ಹೆದರಿಕೆ. ರೊಟ್ಟಿ ಅವಳಿಗೆ ಗಂಟಲಲ್ಲಿ ನಿಲ್ಲತೊಡಗಿದ್ದು ಆ ದಿನಗಳಲ್ಲೇ. ಮೊದಲು ಜೋಳದ ರೊಟ್ಟಿ, ಆಮೇಲೆ ಅನ್ನ ಕೂಡ. ತಂಬಿಗೆಯನ್ನು ತಾಟಿನ ಪಕ್ಕದಲ್ಲಿಟ್ಟುಕೊಂಡು ಉಣ್ಣುವ ರೂಢಿ ಆಗ ಶುರುವಾಯಿತು. "ಕೋಳಿ ನೀರ ಕುಡದಂಗ ಕುಡೀತಿ ನೋಡ," ಎಂದು ಆಯಿಯೇ ನಗಾಡುತ್ತಿದ್ದಳು. ನನಗೂ ಏನೋ ಆಗಿತ್ತು. ಆಯಿ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಪಂಚಮಿಗೆ ನಿಮ್ಮ ಅತ್ತಿ ಏನ ತರ್ತಾಳ ನನ್ನವ್ವಾ?" ಎಂದು ಕೇಳಿದಾಗೆಲ್ಲ ಹೊಕ್ಕಳ ಸುತ್ತ ಮುರಿತ ಏಳುತ್ತಿತ್ತು. ಸುಳ್ಳು ಹೇಳಬೇಕೆಂದು ನನಗೆ ಕಲಿಸಿಕೊಟ್ಟಿದ್ದರು, ಹೇಳುತ್ತಿದ್ದೆ: "ಬಳಿ ತರ್ತಾಳ." ಹೇಳಿ ಹಿತ್ತಲಿಗೆ ಓಡುತ್ತಿದ್ದೆ. ಆಯಿ ನನ್ನ ಹೊಟ್ಟೆಗೆ ಹರಳೆಣ್ಣೆ ತೀಡುತ್ತಿದ್ದಳು.

ಶ್ರಾವಣ ಬಂತು. ಪಂಚಮಿಗೆ ಅಣ್ಣ ಹೋಗಿ ತಂಗಿಯನ್ನು ಕರೆದು ತರಬೇಕು. ಅದು ನಮ್ಮ ಕಡೆ ತಪ್ಪಿಸಿಕೊಳ್ಳುವ ಸಂಗತಿಯಲ್ಲ. ಆಯಿ ಪಂಚಮಿಯ ಉಂಡಿ ಕಟ್ಟಲು ಸಿದ್ಧಳಾದಳು. ಎಳ್ಳು, ಶೇಂಗಾ, ಪುಟಾಣಿ. ತಂಬಿಟ್ಟಿನ ಹಿಟ್ಟನ್ನು ಗಿರಣಿಗೆ ಹಾಕಿಸಿದರೆ ಕಾಶಿ ಬಾಯಿಗಿಡುವುದಿಲ್ಲ, ಕೈಯಲ್ಲೇ ಬೀಸಬೇಕು ಎಂದು ಬೀಸುವ ಕಲ್ಲಿನ ಮುಂದೆ ಕೂತಳು. ಅವ್ವ ಗೂಟಕ್ಕೆ ಕೈ ಹಾಕಲು ಹೋದರೆ ಕೊಡಲಿಲ್ಲ. "ನಿನ್ನ ಕೈ ತಾಗಿದರ ಹಿಟ್ಟ ಸಪ್ಪಗ ಆಗತೈತಿ. ಇತ್ತಿತ್ತಲಾಗ ಏನ ಮಾರಿ ಮಾಡ್ಕೊಂಡ ಅಡ್ಡ್ಯಾಡ್ತಿಯೋ, ತವರಮನಿಯಾಗ ಯಾರರ ಸತ್ತಾರನ?" ಅವ್ವ ಅಡಿಗೆಮನೆಗೆ ಎದ್ದು ಹೋದಳು. ಆಯಿಯ ಹಣೆಯ ಮೇಲೆ ಬೆವರು ಬಂದು, ಉಸಿರು ಸಿಳ್ಳು ಹಾಕುತ್ತಿದ್ದುದನ್ನು ನೋಡಿ, ಸಾಕು ಮಾಡಿಸ್ರಿ ಎಂದು ಅವ್ವ ಅಪ್ಪನಿಗೆ ಹೇಳಿದ್ದುಂಟು. ಅಪ್ಪ, "ಮಾಡಲಿ ಬಿಡ, ಖುಷಿಯಿಂದ ಅದಾಳ. ಡಾಕ್ಟರ ತ್ರಾಸ ಕೊಡಬ್ಯಾಡ ಅಂದಾರ," ಅಂದ. ಕಲ್ಲಿನ ಗುರುಗುರು ಸದ್ದು ಪಡಸಾಲೆ ತುಂಬಿತು. ಹಿಟ್ಟಿನ ಬೆಚ್ಚಗಿನ ವಾಸನೆಯ ನಡುವೆ ಆಯಿ, ಬಾರದ ಮಗಳ ಸಲುವಾಗಿ ಬೀಸಿದಳು. ಜೀವ ಉಳಿಸಲೆಂದು ಹೇಳಿದ ಮಾತು ಅದೇ ಜೀವವನ್ನು ಕಲ್ಲಿನ ಮುಂದೆ ಕೂರಿಸಿತ್ತು. ಇದು ನಾನು ಓದಿ ದೊಡ್ಡವಳಾದ ಮೇಲೆ ಕಂಡುಕೊಂಡದ್ದು. ಆಗ ನನಗೆ ಉಂಡಿಯ ಆಸೆ ಅಷ್ಟೇ ಇತ್ತು.

ಹಬ್ಬದ ಮುಂಚಿನ ದಿನ ಅಪ್ಪ ಬಟ್ಟೆ ಹಾಕಿಕೊಂಡು ಹೊರಟು, ಸಿಂದಗಿಯಲ್ಲಿದ್ದ ಒಬ್ಬ ಗೆಳೆಯನ ಅಂಗಡಿಯಲ್ಲಿ ದಿನವೆಲ್ಲ ಕೂತು, ಒಬ್ಬನೇ ತಿರುಗಿ ಬಂದ. ಆಯಿ ಹೊಸ್ತಿಲ ಮೇಲೆ ಕೂತಿದ್ದಳು.

"ಹೊಳಿ ಬಂದೈತಬೇ. ಬಸ್ಸ ಬಿಟ್ಟಿಲ್ಲ."

"ಹೊಳಿ ಅಕಿ ಊರ ಆಚಿ ಮಗ್ಗಲಕ ಐತಿ. ಈಚಿ ಮಗ್ಗಲಕ ಯಾವ ಹೊಳಿ ಬಂತೋ?"

"ನಡು ದಾರ್ಯಾಗ ಡೋಣಿ ಹೊಳಿ ಬಂದೈತಿ."

"ಡೋಣಿ ಇಳಿಯೂದಕ್ಕ ಎಷ್ಟ ಹೊತ್ತ? ಕೂತಿದ್ದು ಕರಕೊಂಡ ಬರಬೇಕಿಲ್ಲ?"

ಅಪ್ಪ ಹೊಸ್ತಿಲ ಹೊರಗೆ ಚಪ್ಪಲಿ ಕಳಚಿದ. ಏನೋ ಒಂದು ಹೇಳಲೇಬೇಕಾಗಿ, ಕೊನೆಗೆ ಎಂದೂ ಹೇಳಬಾರದ ಮಾತನ್ನು ಹೇಳಿದ: "ಈ ಸಲ ಬರೂದಿಲ್ಲ ಅಂತ ಹೇಳಿ ಕಳಸ್ಯಾಳಬೇ. ಅಲ್ಲೇ ಹಬ್ಬ ಮಾಡ್ತಾಳಂತ." ಅದನ್ನು ಅವನು ಮೊದಲೇ ಎಣಿಸಿಕೊಂಡು ಬಂದಿರಲಿಲ್ಲ ಅಂತ ನನಗನ್ನಿಸುತ್ತದೆ. ಆಯಿ ಎದ್ದು ಒಳಗೆ ಹೋಗಿ ಕಾಶಿಗೆಂದು ತುಂಬಿದ್ದ ಉಂಡಿಯ ಡಬ್ಬಿಯ ಮುಚ್ಚಳ ಹಾಕಿ ಗೋಡೆಯ ಮಾಡಿನಲ್ಲಿಟ್ಟಳು. ಬೇವಿನ ಗಿಡಕ್ಕೆ ಕಟ್ಟಿದ್ದ ಜೋಕಾಲಿಯಲ್ಲಿ ನಾವು ಓಣಿಯ ಹುಡುಗಿಯರು ಜೀಕಿದೆವು. ಆ ಡಬ್ಬಿಯನ್ನು ಯಾರೂ ಮುಟ್ಟುವಂತಿರಲಿಲ್ಲ. ದಸರೆಯ ಹೊತ್ತಿಗೆ ಮಾಡಿನ ಕಡೆಯಿಂದ ಕಮಟು ಎಳ್ಳಿನ ವಾಸನೆ ಬರತೊಡಗಿತ್ತು.

ಆಯಿ ಮಗಳ ಸುದ್ದಿ ತೆಗೆಯುವುದನ್ನೇ ಬಿಟ್ಟಳು. ಯಾರಾದರೂ ತೆಗೆದರೆ, "ದೊಡ್ಡಾಕಿ ಆಗ್ಯಾಳವ್ವ ಈಗ, ಅವ್ವ ಬ್ಯಾಡಾದಳು," ಎಂದು ಮಾತು ತಿರುಗಿಸುತ್ತಿದ್ದಳು. ಕಾಲು ಬಾತವು. ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ, ಗೋಡೆಗೆ ಒರಗಿಯೇ ಕೂರುತ್ತಿದ್ದಳು. ಬೀಸಿದ್ದರಿಂದ ಬಂದದ್ದೋ, ಸಿಟ್ಟಿನಿಂದ ಬಂದದ್ದೋ, ಬರಬೇಕಾದದ್ದೇ ಆಗಿತ್ತೋ. ಈಗ ಮನಸ್ಸಿಗೂ ಮೈಗೂ ಇರುವ ನಂಟಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಹೊಸದೇನೋ ಕಂಡುಹಿಡಿದವರ ಹಾಗೆ. ನಮ್ಮ ಮನೆ ಅದನ್ನು ಆಗಲೇ ನಂಬಿತ್ತು, ಬೇಕಾದದ್ದಕ್ಕಿಂತ ಹೆಚ್ಚೇ ನಂಬಿತ್ತು. ಆದರೆ ಒಬ್ಬಳ ಮನಸ್ಸನ್ನು ಕಾಯುವಾಗ ಉಳಿದವರಿಗೂ ಮೈ ಇದೆಯೆಂಬುದು ಯಾರಿಗೂ ಹೊಳೆಯಲಿಲ್ಲ.

ಜೋಳ ತೆನೆ ಬಿಡುವ ದಿನಗಳಲ್ಲಿ ಒಂದು ಮುಂಜಾನೆ ಆಯಿ ಅಪ್ಪನನ್ನು ಕರೆದಳು. ಬೆಳಕಿಂಡಿಯ ಬಿಸಿಲು ಇನ್ನೂ ನೆಲಕ್ಕೆ ಇಳಿದಿರಲಿಲ್ಲ, ಗೋಡೆಯ ಮೇಲಿತ್ತು. ಇದು ಮುಗಿಯುತ್ತಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಅಪ್ಪ ಅವಳ ಕೈ ಹಿಡಿದುಕೊಂಡು, ಹೇಳಿಬಿಡುವುದೆಂದು ನಿಶ್ಚಯಿಸಿದವನ ಹಾಗೆ, "ಯವ್ವಾ, ಕಾಶಿ..." ಅಂದ.

"ಅಕಿ ಸುದ್ದಿ ತಗೀಬ್ಯಾಡ," ಅಂದಳು ಆಯಿ. ಪ್ರತಿ ಶಬ್ದಕ್ಕೂ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. "ನಾ ಹ್ವಾದಮ್ಯಾಲ ಅಕಿಗೆ ಹೇಳಿ ಕಳಸಬ್ಯಾಡ್ರಿ. ಇದ್ದಾಗ ಬರದಾಕಿ, ಸತ್ತಮ್ಯಾಲ ಬಂದು ಯಾರ ಮುಂದ ಅಳಾಕಿ?"

ಆ ವಾಕ್ಯವನ್ನು ಅಪ್ಪ ಮುಂದೆ ಎಂದೂ ಮುಗಿಸಲಿಲ್ಲ. ಮಧ್ಯಾಹ್ನದ ಒಳಗೆ ಆಯಿ ಹೋದಳು.

ಓಣಿಯ ಹೆಂಗಸರೆಲ್ಲ ಬಂದು ಸುತ್ತ ಕೂತರು. ಆಯಿಯನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆತುಂಬ ವಿಭೂತಿ ಹಚ್ಚಿದ್ದರು. ಯಾರೂ ದನಿ ತೆಗೆಯಲಿಲ್ಲ. ಮೊದಲ ನುಡಿ ಅವ್ವನದೆಂದು ಎಲ್ಲರೂ ಅವಳಿಗೆ ಬಿಟ್ಟುಕೊಟ್ಟು ಕಾದರು. ಅವ್ವ ಆಯಿಯ ಎದುರು ಕೂತು, ಸೆರಗು ಸರಿಮಾಡಿಕೊಂಡು, ಬಾಯಿ ತೆರೆದಳು. ಒಣ ಹುಲ್ಲು ಮುರಿದಂಥ ಒಂದು ಸದ್ದು ಬಂತು, ಅಷ್ಟೇ. ಮತ್ತೆ ತೆರೆದಳು. ಕೊರಳಿನ ನರ ಮೇಲೆದ್ದಿತು, ಕೆಳಗಿಳಿಯಿತು. ಬೋರವ್ವ ಅವಳ ಬೆನ್ನು ಸವರಿ, "ನೀರ ಕುಡಸ್ರಿ ಅಕಿಗೆ, ಗಂಟಲ ಕಟ್ಟೇತಿ," ಎಂದು ತಾನೇ ಹಾಡಿಕೊಂಡು ಅಳಲು ಶುರುಮಾಡಿದಳು. ಬೋರವ್ವನ ಅಳುವಿನಲ್ಲಿ ಬೆಣ್ಣೆಯ ಮಾತು ಬರಲಿಲ್ಲ. ಆ ದಿನದ ನಂತರ ಅವ್ವ ಯಾರ ಮನೆಯಲ್ಲೂ ಹಾಡಿಕೊಂಡು ಅಳಲಿಲ್ಲ.

ಬಹಳ ವರ್ಷಗಳ ಮೇಲೆ, ನಾನು ಧಾರವಾಡದಲ್ಲಿ ಓದುತ್ತಿದ್ದಾಗ, ಬೇಸಿಗೆಯ ಸೂಟಿಗೆ ಊರಿಗೆ ಬಂದವಳು ಅವ್ವನ ಎದುರು ಉಣ್ಣುತ್ತ ಕೂತು ಕೇಳಿದೆ, ಅವತ್ತ ಯಾಕ ಅಳಲಿಲ್ಲಬೇ ಅಂತ. ಆ ಹೊತ್ತಿಗೆ ತೋಟ ಮಾರಿಯಾಗಿತ್ತು, ಮಾಳಿಗೆಯ ಒಂದು ಮೂಲೆ ಸೋರುತ್ತಿತ್ತು, ಬೀಸುವ ಕಲ್ಲು ಬಚ್ಚಲ ಮುಂದೆ ಕಾಲು ತಿಕ್ಕುವ ಕಲ್ಲಾಗಿತ್ತು. ಡಾಕ್ಟರು ಹೇಳಿದ ತ್ರಾಸದ ಅರ್ಥ ಬೇರೆ ಇದ್ದೀತು ಎಂಬ ನನ್ನ ಶೋಧವನ್ನೂ ಅವಳಿಗೆ ಹೇಳಿದೆ. ಅವಳು ಅದನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಕೇಳಿದ್ದಕ್ಕೆ ಮಾತ್ರ ಹೇಳಿದಳು.

"ಅಳು ಬಂದಿತ್ತವ್ವ. ಆದರ ಹಾಡಿಕೊಂಡು ಅಳೂದಂದ್ರ ಸತ್ತಾರ ಕೂಡ ಮಾತಾಡೂದು. ಅಲ್ಲಿ ಸುಳ್ಳ ನಡ್ಯಾಂಗಿಲ್ಲ. ನಿಮ್ಮ ಆಯಿಗೆ ನಾ ಮೊದಲ ಏನ ಹೇಳಬೇಕಿತ್ತು? ನಿನ್ನ ಮಗಳು ನಿನಗಿಂತ ಮುಂದ ಹ್ವಾದಳು, ಅಕಿ ಮ್ಯಾಲಿನ ಸಿಟ್ಟ ಬಿಡು, ಅಂತ ಹೇಳಬೇಕಿತ್ತು." ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡಳು. "ಹೆಂಗ ಹೇಳಲಿ? ಹೇಳಿದ್ದರ ಆ ಹೆಣಕ್ಕೂ ತ್ರಾಸ ಆಗತಿತ್ತು."

ತುತ್ತನ್ನು ಬಾಯಿಗಿಟ್ಟಳು. ತಂಬಿಗೆ ಎತ್ತಿದಳು. ಗಟಕ್.

ಅವ್ವ ಹೋದಾಗ ಹಾಡಿಕೊಂಡು ಅಳುವವರು ನಮ್ಮ ಓಣಿಯಲ್ಲಿ ಉಳಿದಿರಲಿಲ್ಲ. ಬೋರವ್ವ ಎಂದೋ ಹೋಗಿದ್ದಳು. ನನಗೆ ಆ ವಿದ್ಯೆ ಬರುವುದಿಲ್ಲ. ಸತ್ತವರ ಎದುರು ಕೂತು ಹೇಳಬೇಕಾದದ್ದನ್ನು ಹೀಗೆ ತಡವಾಗಿ, ಬಿಳಿ ಹಾಳೆಯ ಮುಂದೆ ಕೂತು ಬರೆಯುತ್ತೇನೆ. ಅದೂ ನಿಜ ಎಷ್ಟು, ನಾನು ಸೇರಿಸಿಕೊಂಡದ್ದು ಎಷ್ಟು ಎಂದು ಅನುಮಾನಿಸುತ್ತಲೇ. ಕೊನೆಯ ಹೊತ್ತಿನಲ್ಲಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಚಮಚ ನೀರು ಬಿಟ್ಟೆ. ನೀರು ಇಳಿಯಿತು. ಆ ಸಪ್ಪಳಕ್ಕಾಗಿ ನಾನು ಕಿವಿಗೊಟ್ಟು ಕಾದೆ. ಬರಲಿಲ್ಲ. ಅಷ್ಟು ವರ್ಷಗಳಲ್ಲಿ ಅವ್ವನ ಗಂಟಲಿನಿಂದ ಸದ್ದಿಲ್ಲದೆ ಇಳಿದ ನೀರು ಅದೊಂದೇ.